ಮನಾಲಿ–ಲೇಹ್ ಸೈಕಲ್ ಪ್ರವಾಸ: ಬೇಗ ಹೋಗುವವರು, ನಿಧಾನ ಹೋಗುವವರು ಒಂದೇ ಗುಂಪಿನಲ್ಲಿ ಹೋಗಬಹುದಾ?

ಚಾಮುಂಡಿ_ತಪ್ಪಲು
ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನ ಒಂದು ಸೈಕಲ್ ಬಳಗ. ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟ ಹತ್ತಿ, ಇಳಿದು ಬಂದು ದೋಸೆ ತಿಂದು ಮನೆಗೆ ಹೋಗುವವರು. ಈ ಸಲ ಆಗಸ್ಟ್ ಕೊನೆಗೆ ಮನಾಲಿಯಿಂದ ಲೇಹ್‌ಗೆ ಹೋಗೋಣ ಅಂತ ತೀರ್ಮಾನ ಆಗಿದೆ. ದಾರಿಯಲ್ಲಿ ದೀಪಕ್ ತಾಲ್, ಸೂರಜ್ ತಾಲ್, ಆಮೇಲೆ ತ್ಸೋ ಕರ್, ಈ ಮೂರು ಸರೋವರ ನೋಡಬೇಕು ಅನ್ನುವುದು ಎಲ್ಲರ ಆಸೆ.

ಜಗಳ ಶುರುವಾಗಿರುವುದು ದಿನಗಳ ಲೆಕ್ಕದಲ್ಲಿ. ಗುಂಪಿನ ಇಬ್ಬರು ಹುಡುಗರು ಗಟ್ಟಿ ಸವಾರರು, 400 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸಿದವರು. ಒಂದು ವಾರದಲ್ಲಿ ಲೇಹ್ ಮುಟ್ಟಬೇಕು ಅಂತಾರೆ. ಇನ್ನೊಂದು ಕಡೆ ಐವತ್ತು ದಾಟಿದ ಮೂವರು ಇದ್ದಾರೆ, ಅದರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಅವರು ನಿಲ್ಲುವುದಿಲ್ಲ, ಆದರೆ ನಿಧಾನ. ಅವರಿಗೆ ಎರಡು ವಾರ ಬೇಕೇ ಬೇಕು. ವಾಟ್ಸಾಪ್‌ನಲ್ಲಿ ಮಾತು ಬಿಸಿಯಾಗಿದೆ. ಎರಡು ಗುಂಪು ಮಾಡಿಬಿಡೋಣ ಅಂತ ಒಬ್ಬರು, ಹೋದರೆ ಒಟ್ಟಿಗೆ ಅಂತ ಇನ್ನೊಬ್ಬರು.

ಹೋಗಿ ಬಂದವರು ದಯವಿಟ್ಟು ಹೇಳಿ. ಒಂದೇ ಗುಂಪಾ, ಎರಡಾ? ಜೊತೆಗೆ ಗಾಡಿ ಬೇಕಾ? ರೋಹ್ತಾಂಗ್ ಪಾಸ್ ಹತ್ತಬೇಕಾ, ಅದರ ಕೆಳಗಿನ ಅಟಲ್ ಸುರಂಗದ ಮೂಲಕ ಪಿಕಪ್‌ನಲ್ಲಿ ದಾಟಿಬಿಡುವುದಾ?

ಘಾಟಿರಸ್ತೆ
ಒಂದು ವಾರ ಅನ್ನುವುದನ್ನು ಇವತ್ತೇ ಬಿಟ್ಟುಬಿಡಿ. ಕಾಲಿನ ಶಕ್ತಿ ಇಲ್ಲಿ ಎರಡನೇ ಮಾತು.

ಬೆಳಗಿನ_ಸವಾರಿ
ನಾನು ಒಪ್ಪಲ್ಲ. ಮನಾಲಿಯಿಂದ ಲೇಹ್ ಐನೂರು ಕಿ.ಮೀ. ಒಳಗೇ ಇದೆ. ದಿನಕ್ಕೆ ಎಪ್ಪತ್ತು ಕಿ.ಮೀ. ತುಳಿಯುವವರಿಗೆ ಒಂದು ವಾರ ಸಾಕಾಗುತ್ತದೆ. ಎಷ್ಟೋ ಜನ ಮಾಡಿದ್ದಾರೆ. ಹುಡುಗರಿಗೆ ರಜೆ ಸಿಗುವುದೇ ಅಷ್ಟು. ನಿಧಾನದವರಿಗೋಸ್ಕರ ಅವರು ಯಾಕೆ ಕಾಯಬೇಕು? ಎರಡು ಗುಂಪು ಮಾಡಿ, ಮುಗೀತು.

ವೈದ್ಯೆ_ಶಿವಮೊಗ್ಗ
ವೈದ್ಯೆಯಾಗಿ ಹೇಳುತ್ತಿದ್ದೇನೆ, ಸವಾರಳೂ ಹೌದು. "ಎಷ್ಟೋ ಜನ ಮಾಡಿದ್ದಾರೆ" ಅನ್ನುವ ಮಾತು ಎತ್ತರದ ವಿಷಯದಲ್ಲಿ ನಡೆಯುವುದಿಲ್ಲ. ಎತ್ತರದ ಕಾಯಿಲೆಗೆ ವಯಸ್ಸು, ದೇಹದಾರ್ಢ್ಯ ಯಾವುದೂ ಅಡ್ಡ ಬರಲ್ಲ. ಗಟ್ಟಿಯಾಗಿರುವ ಹುಡುಗರಿಗೆ ಅಪಾಯ ಜಾಸ್ತಿ ಅಂತಲೇ ನನ್ನ ಅಭಿಪ್ರಾಯ. ಅವರ ಕಾಲು ಅವರನ್ನು ಒಂದೇ ದಿನದಲ್ಲಿ ತುಂಬಾ ಮೇಲಕ್ಕೆ ಕೊಂಡೊಯ್ಯುತ್ತದೆ. ಒಳಗಿನ ದೇಹ ಇನ್ನೂ ಕೆಳಗಿನ ಊರಲ್ಲೇ ಇರುತ್ತದೆ.

ನೆನಪಿಡಬೇಕಾದ ಲೆಕ್ಕ ಇಷ್ಟೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಇರಬೇಕು. ಹಗಲು ಎಷ್ಟು ಮೇಲೆ ಹೋಗುತ್ತೀರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದು ಮುಖ್ಯ.

ಈಗ ನಿಮ್ಮ ದಾರಿ ನೋಡಿ. ಜಿಸ್ಪಾ ಸುಮಾರು 3,200 ಮೀಟರ್. ಎಲ್ಲರೂ ಮಾರನೇ ರಾತ್ರಿ ಮಲಗಲು ಹೋಗುವುದು ಸರ್ಚುಗೆ. ಅದು ಸುಮಾರು 4,290. ಒಂದೇ ರಾತ್ರಿಗೆ ಸಾವಿರ ಮೀಟರ್ ಮೇಲೆ! ಸರ್ಚು ಟೆಂಟುಗಳಲ್ಲಿ ಅಷ್ಟು ಜನ ತಲೆನೋವು, ವಾಂತಿ ಅಂತ ರಾತ್ರಿ ಕಳೆಯುವುದಕ್ಕೆ ಕಾರಣ ಇದೇ.

ಬೆಳಗಿನ_ಸವಾರಿ
ಡಾಕ್ಟ್ರೇ, ಅದಕ್ಕೇ ಡಯಾಮಾಕ್ಸ್ ಇದೆಯಲ್ಲ. ಆಕ್ಸಿಜನ್ ಕ್ಯಾನ್ ಕೂಡ ಸಿಗುತ್ತೆ.

ವೈದ್ಯೆ_ಶಿವಮೊಗ್ಗ
ಡಯಾಮಾಕ್ಸ್ ಸಹಾಯ ಮಾಡುತ್ತದೆ, ಇಲ್ಲ ಅನ್ನಲ್ಲ. ಆದರೆ ಅದು ದೇಹ ಎತ್ತರಕ್ಕೆ ಹೊಂದಿಕೊಳ್ಳುವುದನ್ನು ಸ್ವಲ್ಪ ಬೇಗ ಮಾಡಿಸುವ ಮಾತ್ರೆ, ಅಷ್ಟೇ. ಸಲ್ಫಾ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬೆರಳು ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿ ಆಗುತ್ತದೆ, ನೀರು ಹೆಚ್ಚು ಕುಡಿಯಬೇಕು. ಆ ಚಿಕ್ಕ ಆಕ್ಸಿಜನ್ ಕ್ಯಾನ್ ಕೆಲವು ನಿಮಿಷಕ್ಕೆ ಖಾಲಿ. ಕಾಯಿಲೆ ಜೋರಾದಾಗ ನಿಜವಾದ ಮದ್ದು ಕೆಳಗಿಳಿಯುವುದು. ಸುಮ್ಮನೆ ಕೂತರೂ ಉಸಿರು ಕಟ್ಟುವುದು, ನಡೆಯುವಾಗ ಕುಡಿದವರ ಹಾಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಇಳಿಸಿ.

ಹಿಮದ_ಹಾದಿ
ಡಾಕ್ಟರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಈ ದಾರಿಯ ನಿಜವಾದ ಕಷ್ಟ ಎಲ್ಲಿದೆ ಅಂತ ನಕ್ಷೆ ನೋಡಿದರೆ ತಿಳಿಯಲ್ಲ, ಏರಿಳಿತದ ಗೆರೆ ನೋಡಬೇಕು.

ಬಾರಾಲಾಚಾ ಲಾ 4,890 ಮೀಟರ್ (ಲಾ ಅಂದರೆ ಬೆಟ್ಟ ದಾಟುವ ಪಾಸ್). ಅದನ್ನು ದಾಟಿದರೆ ಸರ್ಚು. ಅಲ್ಲಿಂದ ಗಾಟಾ ಲೂಪ್ಸ್‌ನ 21 ತಿರುವು, ಮೇಲೆ ನಕೀ ಲಾ 4,739, ಸ್ವಲ್ಪ ಇಳಿದು ಮತ್ತೆ ಲಾಚುಂಗ್ ಲಾ 5,059, ಇಳಿದರೆ ಪಾಂಗ್. ಪಾಂಗ್ ಕೂಡ 4,600 ಮೀಟರ್. ಅಲ್ಲಿಂದ ಮುಂದೆ ಮೋರೆ ಬಯಲು, ಆಮೇಲೆ ತಂಗ್ಲಾಂಗ್ ಲಾ 5,328. ಅಂದರೆ ಪಾಂಗ್‌ನಲ್ಲಿ ಒಬ್ಬರಿಗೆ ಹುಷಾರು ತಪ್ಪಿದರೆ ಕೆಳಗಿಳಿಯಲು ದಾರಿಯೇ ಇಲ್ಲ. ಹಿಂದೆ ಹೋದರೂ 5,000 ಮೀಟರ್ ಎತ್ತರಕ್ಕೆ ಹತ್ತಬೇಕು, ಮುಂದೆ ಹೋದರೂ ಹತ್ತಬೇಕು. ಅಲ್ಲಿ ಸೇನೆಯ ಕ್ಯಾಂಪ್ ಇದೆ, ಪ್ರವಾಸಿಗರಿಗೆ ಸಹಾಯ ಮಾಡುತ್ತಾರೆ. ಆದರೆ ಅದನ್ನೇ ನಂಬಿಕೊಂಡು ಯೋಜನೆ ಹಾಕಬಾರದು.

ಆದ್ದರಿಂದ ಹೊಂದಿಕೊಳ್ಳುವುದೆಲ್ಲ ಬಾರಾಲಾಚಾಕ್ಕಿಂತ ಮೊದಲೇ ಮುಗಿಯಬೇಕು. ಆಚೆ ಹೋದ ಮೇಲೆ ಅದಕ್ಕೆ ಜಾಗ ಇಲ್ಲ.

ಘಾಟಿರಸ್ತೆ
ನೂರಕ್ಕೆ ನೂರು ಸರಿ. ಅದಕ್ಕೇ ರೋಹ್ತಾಂಗ್ ಬಿಡಬೇಡಿ ಅನ್ನುವುದು. 2020ರ ಅಕ್ಟೋಬರ್‌ನಲ್ಲಿ ಸುರಂಗ ಶುರುವಾದ ಮೇಲೆ ಎಲ್ಲರೂ 9 ಕಿ.ಮೀ.ನಲ್ಲಿ ಆಚೆಯ ಲಾಹೌಲ್ ಕಣಿವೆ ಸೇರಿಬಿಡುತ್ತಾರೆ. ಸುರಂಗದ ಬಾಯಿ ಇರುವುದು 3,000 ಮೀಟರ್ ಚಿಲ್ಲರೆಯಲ್ಲಿ. ರೋಹ್ತಾಂಗ್ 3,978. ಹತ್ತಿ, ಆಚೆ ಇಳಿದು, ಕೆಳಗೆ ಮಲಗಿದರೆ ದೇಹಕ್ಕೆ ಮೊದಲ ಪಾಠ ಆಗುತ್ತದೆ. ಗಾಡಿಗಳೆಲ್ಲ ಸುರಂಗಕ್ಕೆ ಹೋಗಿರುವುದರಿಂದ ಹಳೇ ರಸ್ತೆಯಲ್ಲಿ ಲಾರಿ ಕಾಟ ಕೂಡ ಕಡಿಮೆ.

ಕರಾವಳಿ_ಪೆಡಲ್
ನಮಸ್ಕಾರ ಮಾರಾಯ್ರೆ. ಮೇಷ್ಟ್ರಿಗೆ ರೋಹ್ತಾಂಗ್ ಒಂದೇ ದಿನದಲ್ಲಿ ಆಗುತ್ತದಾ? ಮನಾಲಿಯಿಂದ ಐವತ್ತು ಕಿ.ಮೀ. ಬರೀ ಏರು. ನಾವು ಹೋದಾಗ ನಡುದಾರಿಯ ಮಢಿಯಲ್ಲಿ ಒಂದು ರಾತ್ರಿ ಉಳಿದೆವು. ತುಂಬಾ ಒಳ್ಳೆಯದಾಯಿತು. ಮಳೆ, ಮಂಜು ಎರಡೂ ಇತ್ತು, ಕೆಸರು ಸಾಕಷ್ಟು. ಆಗಸ್ಟ್‌ನಲ್ಲಿ ಮನಾಲಿ ಬದಿ ಮಳೆ ಇದ್ದೇ ಇರುತ್ತದೆ, ಗುಡ್ಡ ಕುಸಿಯುವುದೂ ಇದೆ. ರೋಹ್ತಾಂಗ್ ದಾಟಿದರೆ ಬೇರೆಯೇ ಲೋಕ, ಒಣ ಬೆಟ್ಟ. ಮಳೆಗೆ ಅಂತ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ.

ಮಲೆನಾಡ_ದಾರಿ
ನನ್ನದು ಸ್ವಲ್ಪ ಬೇರೆ ಮಾತು. ಬೆಟ್ಟ, ಕೆರೆ ಬೇಕು ಅಂದರೆ ಚಿಕ್ಕಮಗಳೂರು ಏನು ಕಡಿಮೆ? ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆ, ಊರಿನ ಪಕ್ಕದಲ್ಲೇ ಹಿರೇಕೊಳಲೆ, ಕಡೂರು ಕಡೆ ಮದಗದ ಕೆರೆ. ಕೈಮರದಿಂದ ಮುಳ್ಳಯ್ಯನಗಿರಿ ಹತ್ತಿದರೆ ಎದೆ ಬಡಿತ ಕಿವಿಗೆ ಕೇಳುತ್ತದೆ. ಲಡಾಖ್‌ಗೆ ಹೋಗುವ ಮೊದಲು ನಮ್ಮ ಊರು ನೋಡಿ.

ಬೆಳಗಿನ_ಸವಾರಿ
ಸರ್, ಕೇಳಿದ್ದು ಲೇಹ್ ಬಗ್ಗೆ.

ಮಲೆನಾಡ_ದಾರಿ
ಗೊತ್ತು. ಅದಕ್ಕೇ ಹೇಳುತ್ತಿರುವುದು. ಈ ಬಳಗ ಭಾನುವಾರದ ಎರಡು ಗಂಟೆ ಸವಾರಿ ಒಟ್ಟಿಗೆ ಮಾಡಿದೆ. ನಾಲ್ಕು ದಿನ ಬೆಳಗಿನಿಂದ ಸಂಜೆ ತನಕ ಒಟ್ಟಿಗೆ ತುಳಿದಿದೆಯಾ? ಯಾರಿಗೆ ಬೆಳಗ್ಗೆ ತಡ ಆಗುತ್ತದೆ, ಯಾರಿಗೆ ಹಸಿವಾದರೆ ಸಿಟ್ಟು ಬರುತ್ತದೆ, ಯಾರು ಪಂಕ್ಚರ್ ಆದಾಗ ಹಿಂದೆ ನಿಲ್ಲುತ್ತಾರೆ, ಇದೆಲ್ಲ ಪಾಂಗ್‌ನಲ್ಲಿ ತಿಳಿಯುವುದಕ್ಕಿಂತ ಸಖರಾಯಪಟ್ಟಣದಲ್ಲಿ ತಿಳಿದರೆ ಒಳ್ಳೆಯದಲ್ವಾ? ಜುಲೈನಲ್ಲಿ ಬನ್ನಿ. ಮಳೆಯಲ್ಲೇ ಬನ್ನಿ. ಮುಳ್ಳಯ್ಯನಗಿರಿ ಕಡೆ ಹೋಗುವುದಾದರೆ ಈಗಿನ ಬುಕಿಂಗ್ ನಿಯಮ ನೋಡಿಕೊಂಡು ಬನ್ನಿ.

ಹಿಮದ_ಹಾದಿ
ಇದು ಒಳ್ಳೇ ಸಲಹೆ. ಆದರೆ ಅದು ಕಾಲಿಗೆ, ಗುಂಪಿಗೆ ಮಾತ್ರ ಅಭ್ಯಾಸ. ಎತ್ತರಕ್ಕೆ ಅಲ್ಲ. ಮುಳ್ಳಯ್ಯನಗಿರಿ ತುದಿ 1,930 ಮೀಟರ್, ಮನಾಲಿ ಪೇಟೆಯೇ 2,050. ನಮ್ಮ ರಾಜ್ಯದಲ್ಲಿ ಎಲ್ಲಿ ಹತ್ತಿದರೂ ಮನಾಲಿ ಬಸ್ ಸ್ಟ್ಯಾಂಡಿನ ಎತ್ತರ ಸಿಗಲ್ಲ.

ಗದಗದ_ಗಾಳಿ
ತ್ಸೋ ಕರ್ ಹೆಸರು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಸೈಕಲ್ ವಿಷಯ ನನಗೆ ಅಷ್ಟು ಗೊತ್ತಿಲ್ಲ, ಹಕ್ಕಿ ನೋಡುವವನು. ಅಲ್ಲಿ ಪಟ್ಟೆತಲೆ ಹೆಬ್ಬಾತು ಬೇಸಿಗೆಯಲ್ಲಿ ಮೊಟ್ಟೆ ಇಟ್ಟು ಮರಿ ಮಾಡುತ್ತವೆ. ತಲೆ ಹಿಂದೆ ಎರಡು ಕಪ್ಪು ಪಟ್ಟೆ ಇರುವ ಬಿಳಿ-ಬೂದು ಬಾತು. ಚಳಿಗಾಲಕ್ಕೆ ಇದೇ ಜಾತಿಯ ಹಕ್ಕಿಗಳು ಹಿಮಾಲಯ ದಾಟಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತವೆ. ಹಗಲು ಕೆರೆಯಲ್ಲಿ ಇರುತ್ತವೆ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ) ಸೇರಿತು. ತ್ಸೋ ಕರ್ 2020ರಲ್ಲೇ ಸೇರಿದೆ.

ತ್ಸೋ ಕರ್‌ನಲ್ಲಿ ಕಪ್ಪುಕತ್ತಿನ ಕೊಕ್ಕರೆಯೂ ಸಿಗುತ್ತದೆ. ಲಡಾಖ್‌ನ ರಾಜ್ಯಪಕ್ಷಿ ಅದು. ದಯವಿಟ್ಟು ಫೋಟೋಗೋಸ್ಕರ ನೀರಿನ ಹತ್ತಿರ ಸೈಕಲ್ ತೆಗೆದುಕೊಂಡು ಹೋಗಬೇಡಿ. ಜೌಗು ನೆಲದಲ್ಲಿ ಗೂಡು ಇರುತ್ತದೆ. ದುರ್ಬೀನು ಒಂದು ಒಯ್ಯಿರಿ, ದೂರದಿಂದಲೇ ಚೆನ್ನಾಗಿ ಕಾಣುತ್ತದೆ.

ಕರಾವಳಿ_ಪೆಡಲ್
ಗದಗದವರೇ, ಇದು ಗೊತ್ತೇ ಇರಲಿಲ್ಲ. ಡಿಸೆಂಬರ್‌ನಲ್ಲಿ ಮಾಗಡಿಗೆ ಬರುತ್ತೇನೆ. ಎಲ್ಲಿ ಉಳಿಯುವುದು?

ಗದಗದ_ಗಾಳಿ
ಗದಗಿನಲ್ಲೇ ಉಳಿಯಿರಿ. ಬೆಳಕು ಹರಿಯುವ ಮೊದಲೇ ಕೆರೆ ಹತ್ತಿರ ಇರಬೇಕು. ಹೊಲದಿಂದ ಹಿಂದೆ ಬಂದು ಇಳಿಯುವುದನ್ನು ನೋಡುವುದೇ ಒಂದು ಸಂಭ್ರಮ.

ಪೆಡಲ್_ಅಕ್ಕ
ಇಷ್ಟು ಹೊತ್ತು ಯಾರೂ ಕೇಳದ ವಿಷಯ. ಗುಂಪಿನಲ್ಲಿ ಹೆಣ್ಣುಮಕ್ಕಳು ಇದ್ದಾರಾ? ಇದ್ದರೆ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅವರನ್ನು ಕೇಳಿ ತೀರ್ಮಾನಿಸಿ. ಮೋರೆ ಬಯಲು ಸುಮಾರು ನಲವತ್ತು ಕಿ.ಮೀ. ಚಪ್ಪಟೆ. ಒಂದು ಗಿಡ ಇಲ್ಲ, ಒಂದು ಬಂಡೆ ಇಲ್ಲ. ಗಂಡಸರಿಗೆ ಅದು ಚೆಂದದ ರಸ್ತೆ. ನಮಗೆ ಅಲ್ಲಿ ಮರೆ ಇಲ್ಲ. ನೀರು ಜಾಸ್ತಿ ಕುಡಿಯಿರಿ ಅಂತ ಡಾಕ್ಟರ್ ಹೇಳಿದ್ದಾರೆ. ಮರೆ ಇಲ್ಲ ಅಂತ ಎಷ್ಟೋ ಹೆಣ್ಣುಮಕ್ಕಳು ನೀರೇ ಕುಡಿಯಲ್ಲ. ಅದು ನೇರವಾಗಿ ಅಪಾಯ.

ನಾವು ಅಗಲವಾದ ಮಳೆಪೊಂಚೊ ಇಟ್ಟುಕೊಂಡಿದ್ದೆವು. ಇಬ್ಬರು ಹೆಂಗಸರು ಯಾವಾಗಲೂ ಜೊತೆಯಾಗಿ ತುಳಿದೆವು. ಜೊತೆಗೆ ಗಾಡಿ ಇದ್ದರೆ ಅದರ ಆಚೆ ಬದಿಯೂ ಮರೆಯೇ. ಗಾಡಿ ಬೇಕಾ ಅಂತ ಕೇಳಿದಿರಲ್ಲ, ನನ್ನ ಉತ್ತರ ಬೇಕು. ಮುಟ್ಟಿನ ಬಟ್ಟೆ, ಪ್ಯಾಡ್ ಎಲ್ಲ ಮನಾಲಿಯಲ್ಲೇ ತೆಗೆದುಕೊಳ್ಳಿ, ಬಳಸಿದ್ದನ್ನು ಲೇಹ್‌ವರೆಗೆ ಹೊತ್ತುಕೊಂಡು ಹೋಗಿ. ಅಲ್ಲಿ ಎಸೆದರೆ ಕೊಳೆಯುವುದೂ ಇಲ್ಲ.

ಚಾಮುಂಡಿ_ತಪ್ಪಲು
ಅಕ್ಕ, ಇಬ್ಬರು ಇದ್ದಾರೆ. ಇದನ್ನು ಹಾಗೆಯೇ ಅವರಿಗೆ ಕಳುಹಿಸಿದೆ. ತುಂಬಾ ಧನ್ಯವಾದ.

ಚೈನ್_ಎಣ್ಣೆ
ಎಲ್ಲರೂ ಎತ್ತರ ಎತ್ತರ ಅಂತಿದ್ದೀರಿ, ಸೈಕಲ್ ಬಗ್ಗೆ ಯಾರೂ ಮಾತಾಡಲ್ಲ! ಹಿಂದಿನ ಚಕ್ರದ ದೊಡ್ಡ ಗೇರಿಗೆ 34 ಹಲ್ಲಾದರೂ ಇರಲಿ, ಮುಂದೆ ಪೆಡಲ್ ಹತ್ತಿರ ಚಿಕ್ಕ ಚೈನ್‌ರಿಂಗ್ (ಹಲ್ಲುಚಕ್ರ) ಇರಲಿ. ಗಾಳಿಯೇ ಕಡಿಮೆ ಇರುವಲ್ಲಿ ಮಂಡಿ ಒತ್ತಿ ತುಳಿದರೆ ಉಸಿರು ನಿಲ್ಲುತ್ತದೆ. ಟೈರು ಎರಡು ಇಂಚಿನ ಆಸುಪಾಸು. ಬ್ರೇಕ್ ಪ್ಯಾಡ್ ಎರಡು ಜೊತೆ ಎಕ್ಸ್‌ಟ್ರಾ. ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸುವ ಡಿರೇಲರನ್ನು ಫ್ರೇಮ್‌ಗೆ ಹಿಡಿಸುವ ತುಂಡು) ನಿಮ್ಮ ಸೈಕಲ್ ಮಾಡೆಲ್‌ಗೆ ಹೊಂದುವಂಥದ್ದು ಒಂದು ಬ್ಯಾಗಿನಲ್ಲಿ ಇರಲೇಬೇಕು. ಅದು ಮುರಿದರೆ ಕೀಲಾಂಗ್‌ನಲ್ಲೂ ಸಿಗಲ್ಲ, ಸರ್ಚುನಲ್ಲೂ ಸಿಗಲ್ಲ. ಗೇರ್ ಇಲ್ಲದ ಸೈಕಲ್‌ನಲ್ಲಿ ಹೋಗುತ್ತೇನೆ ಅನ್ನುವವರೂ ಇರುತ್ತಾರೆ. ನಮ್ಮ ತಂದೆ ಅಟ್ಲಾಸ್‌ನಲ್ಲಿ ಮೂರು ಮೂಟೆ ಹೇರಿ ಸಂತೆಗೆ ಹೋಗುತ್ತಿದ್ದರು, ಆದರೂ ಇಲ್ಲಿ ಅದು ಬೇಡ.

ಕರಾವಳಿ_ಪೆಡಲ್
ಅಟ್ಲಾಸ್ ನೆನಪಿಸಿದಿರಿ. 2020ರ ಜೂನ್ 3ಕ್ಕೆ ಸಾಹಿಬಾಬಾದ್ ಕಾರ್ಖಾನೆ ನಿಂತಿತು. ಅವತ್ತು ವಿಶ್ವ ಸೈಕಲ್ ದಿನ. ಓದಿದಾಗ ತುಂಬಾ ಬೇಜಾರಾಯಿತು.

ಚೈನ್_ಎಣ್ಣೆ
ನಮ್ಮ ಮನೆಯಲ್ಲಿ ಇನ್ನೂ ಇದೆ ಸರ್. ಓಡುತ್ತೆ.

ಹಿಮದ_ಹಾದಿ
ಇನ್ನೊಂದು ವಿಷಯ, ನಾಲಾಗಳು. ದಾರ್ಚಾ ದಾಟಿದ ಮೇಲೆ ಹಿಮ ಕರಗಿದ ನೀರು ರಸ್ತೆ ಮೇಲೇ ಹರಿಯುವ ಜಾಗಗಳು ಸಿಗುತ್ತವೆ. ಬೆಳಗ್ಗೆ ಪಾದ ಮುಳುಗುವಷ್ಟು ಇರುವುದು ಮಧ್ಯಾಹ್ನ ಮಂಡಿಗೆ ಬರುತ್ತದೆ. ಬಿಸಿಲು ಏರಿದಂತೆ ಹಿಮ ಕರಗುತ್ತದೆ, ಅಷ್ಟೇ ಕಾರಣ. ನಿಧಾನದವರು ಬೆಳಗ್ಗೆ ಐದೂವರೆಗೆ ಹೊರಡಲಿ. ಬೇಗದವರು ಎಂಟಕ್ಕೆ ಹೊರಟರೂ ಹಿಡಿಯುತ್ತಾರೆ. ಇದರಲ್ಲೇ ನಿಮ್ಮ ಅರ್ಧ ಜಗಳ ಮುಗಿಯುತ್ತದೆ ನೋಡಿ.

ಮೊಬೈಲ್: ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯಲ್ಲ. ಪೋಸ್ಟ್‌ಪೇಯ್ಡ್ ಬೇಕು. ಜಿಸ್ಪಾದಿಂದ ಮುಂದೆ ಹೆಚ್ಚು ಕಡೆ ಸಿಗ್ನಲ್ಲೇ ಇರಲ್ಲ ಅಂತ ಮನೆಯಲ್ಲಿ ಮೊದಲೇ ಹೇಳಿ ಹೋಗಿ. ಇಲ್ಲದಿದ್ದರೆ ಅಮ್ಮಂದಿರು ಗಾಬರಿ ಆಗುತ್ತಾರೆ.

ಮಲೆನಾಡ_ದಾರಿ
ಊಟ ಹೇಗೆ ಅಲ್ಲಿ? ಮೇಷ್ಟ್ರಿಗೆ ಅನ್ನ ಇಲ್ಲದೆ ಆಗಲ್ಲ ಅನ್ನಿಸುತ್ತೆ.

ಕರಾವಳಿ_ಪೆಡಲ್
ಢಾಬಾ ಟೆಂಟುಗಳಲ್ಲಿ ರಾಜ್ಮಾ-ಅನ್ನ, ಪರಾಠ, ಮ್ಯಾಗಿ, ಆಮ್ಲೆಟ್. ಪಾಂಗ್ ಎತ್ತರದಲ್ಲಿ ನೀರು 85 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯಲ್ಲ. ನೀವೇ ಅಡುಗೆ ಮಾಡುವುದಾದರೆ ಇದು ನೆನಪಿರಲಿ. ನಮ್ಮ ಬ್ಯಾಗಿನಲ್ಲಿ ಹುರಿಹಿಟ್ಟು, ಬೆಲ್ಲ, ಚಟ್ನಿಪುಡಿ ಇತ್ತು. ಲಡಾಖಿಗಳೂ ಬಾರ್ಲಿ ಹುರಿದು ಹಿಟ್ಟು ಮಾಡಿ ಬೆಣ್ಣೆ ಚಹಾದಲ್ಲಿ ಕಲಸಿ ತಿನ್ನುತ್ತಾರೆ. ರುಮ್ತ್ಸೆಯಲ್ಲಿ ಒಬ್ಬ ಅಜ್ಜಿಗೆ ನಮ್ಮ ರಾಗಿ ಹುರಿಹಿಟ್ಟು ಕೊಟ್ಟೆವು. ಮೂಸಿ ನೋಡಿ, ತಲೆಯಾಡಿಸಿ, ತಮ್ಮದನ್ನು ತಂದು ಕೊಟ್ಟರು. ಎತ್ತರದಲ್ಲಿ ಹಸಿವೇ ಆಗಲ್ಲ, ಆದರೂ ತಿನ್ನಬೇಕು.

ಬೆಳಗಿನ_ಸವಾರಿ
ಗಾಟಾ ಲೂಪ್ಸ್‌ನಲ್ಲಿ ಆ ನೀರಿನ ಬಾಟಲಿ ಗುಡಿ ನೋಡಿದ್ದೀರಾ ಯಾರಾದರೂ? ಲಾರಿ ಕ್ಲೀನರ್ ಒಬ್ಬ ಅಲ್ಲಿ ನೀರಿಲ್ಲದೆ ಸತ್ತ ಅಂತ ಕಥೆ. ಹೋಗುವವರೆಲ್ಲ ಒಂದು ಬಾಟಲಿ ಇಟ್ಟು ಹೋಗುತ್ತಾರೆ.

ಪೆಡಲ್_ಅಕ್ಕ
ನೋಡಿದ್ದೇನೆ. ಆ ಹುಡುಗನ ಕಥೆ ಕೇಳಿ ಮನಸ್ಸು ಕಲಕುತ್ತದೆ. ಆದರೆ ಪ್ಲಾಸ್ಟಿಕ್ ರಾಶಿ ಬಿದ್ದಿರುತ್ತದೆ. ಕೈ ಮುಗಿದು ಮುಂದೆ ಹೋದರೆ ಸಾಕು.

ಘಾಟಿರಸ್ತೆ
ಮೂಲ ಪ್ರಶ್ನೆಗೆ ಬರೋಣ. ಎರಡು ಗುಂಪು ಬೇಕಾ? ನಾನು ಬೇಡ ಅನ್ನುತ್ತೇನೆ, ಕನಿಷ್ಠ ಪಾಂಗ್‌ವರೆಗೆ. ನನಗೆ ಪರಿಚಯದ ಒಂದು ಬಳಗ ಜಿಸ್ಪಾದಲ್ಲಿ ಬೇರೆಯಾಯಿತು. ಗಾಡಿ ಒಂದೇ ಇತ್ತು, ಅದು ಮುಂದಿನವರ ಜೊತೆ ಹೋಯಿತು. ಹಿಂದಿನವರಲ್ಲಿ ಒಬ್ಬರಿಗೆ ಬಾರಾಲಾಚಾ ಹತ್ತಿರ ವಾಂತಿ ಶುರು. ಸಿಗ್ನಲ್ ಇಲ್ಲ. ಕೊನೆಗೆ ಒಬ್ಬ ಲಾರಿ ಡ್ರೈವರ್ ಪುಣ್ಯಾತ್ಮ ಹತ್ತಿಸಿಕೊಂಡು ಕೀಲಾಂಗ್‌ಗೆ ಇಳಿಸಿದ. ಗಾಡಿ ಯಾವಾಗಲೂ ಕೊನೆಯ ಸವಾರನ ಹಿಂದೆ ಇರಬೇಕು. ಈ ಒಂದು ನಿಯಮ ಮಾತ್ರ ಯಾರೂ ಮುರಿಯಬಾರದು.

ಬೆಳಗಿನ_ಸವಾರಿ
ಸರಿ, ಗಾಡಿ ಹಿಂದೆ ಇರಲಿ. ಆದರೆ ಹುಡುಗರ ಕಡೆಯಿಂದಲೂ ಯೋಚಿಸಿ. ಅವರಿಗೆ ತಂಗ್ಲಾಂಗ್ ಲಾ ಮೇಲೆ ನಿಲ್ಲಬೇಕು ಅನ್ನುವುದು ವರ್ಷಗಳ ಕನಸು. ಮೇಷ್ಟ್ರಿಗೆ ಸರೋವರ ನೋಡಬೇಕು. ಎರಡೂ ಒಂದೇ ರಜೆಯಲ್ಲಿ ಆಗಬೇಕು ಅಂದರೆ ಹೇಗೆ?

ಹಿಮದ_ಹಾದಿ
ಆಗುತ್ತದೆ. ಮೋರೆ ಬಯಲು ಮುಗಿಯುವ ಕಡೆ ತ್ಸೋ ಕರ್‌ಗೆ ಬಲಕ್ಕೆ ದಾರಿ ಒಡೆಯುತ್ತದೆ. ಎಲ್ಲರೂ ತ್ಸೋ ಕರ್ ನೋಡಿ, ಅಲ್ಲೇ ರಾತ್ರಿ ಉಳಿಯಿರಿ. ಬೆಳಗ್ಗೆ ಹುಡುಗರು ಹೆದ್ದಾರಿಗೆ ವಾಪಸ್ ಬಂದು ತಂಗ್ಲಾಂಗ್ ಲಾ ಹತ್ತಿ, ರುಮ್ತ್ಸೆ, ಗ್ಯಾ ಮೂಲಕ ಉಪ್ಶಿಗೆ ಇಳಿಯಲಿ. ಉಳಿದವರು ಪೋಲೋ ಕೊಂಗ್ಕಾ ಲಾ ದಾಟಿ ಪೂಗಾ ಬಿಸಿನೀರ ಬುಗ್ಗೆ ನೋಡಿ, ಮಾಹೆ ಸೇತುವೆ ಹತ್ತಿರ ಸಿಂಧೂ ನದಿ ಸೇರಲಿ. ಅಲ್ಲಿಂದ ಚುಮಾಥಾಂಗ್ ಮೇಲೆ ನದಿ ಹರಿಯುವ ಕಡೆಗೇ ಉಪ್ಶಿ ತನಕ ರಸ್ತೆ. ಆ ಸಾಲಿನಲ್ಲಿ ಮತ್ತೆ ದೊಡ್ಡ ಏರು ಇಲ್ಲ. ಎರಡು ದಾರಿಯೂ ಉಪ್ಶಿಯಲ್ಲೇ ಕೂಡುತ್ತವೆ!

ಪೋಲೋ ಕೊಂಗ್ಕಾ ಕೂಡ 4,900 ಮೀಟರ್ ದಾಟುತ್ತದೆ, ಜಲ್ಲಿ ರಸ್ತೆ. ಆದರೆ ಅಷ್ಟು ಹೊತ್ತಿಗೆ ಮೇಷ್ಟ್ರ ದೇಹ ಎತ್ತರಕ್ಕೆ ಹೊಂದಿಕೊಂಡಿರುತ್ತದೆ. ನದಿ ದಾರಿ ಉದ್ದ, ಬರೀ ಮಾಹೆಯಿಂದ ಉಪ್ಶಿಗೇ ನೂರು ಕಿ.ಮೀ. ದಾಟುತ್ತದೆ. ಗಾಡಿ ಇವರ ಜೊತೆ. ಹುಡುಗರು ಹೆದ್ದಾರಿಯಲ್ಲಿ ಇರುವುದರಿಂದ ಲಾರಿ, ಸೇನೆ ಗಾಡಿ ಓಡಾಡುತ್ತಲೇ ಇರುತ್ತವೆ. ಇಬ್ಬರೂ ಒಬ್ಬರನ್ನೊಬ್ಬರು ಬಿಡದೆ ಹೋಗಲಿ.

ವೈದ್ಯೆ_ಶಿವಮೊಗ್ಗ
ಇದು ನನಗೆ ಒಪ್ಪಿಗೆ. ಮೊದಲ ಭಾಗದ ರಾತ್ರಿಗಳನ್ನು ಮಾತ್ರ ಹೀಗೆ ಮಾಡಿ: ಜಿಸ್ಪಾದಲ್ಲಿ ಎರಡು ರಾತ್ರಿ, ಆಮೇಲೆ ನೇರ ಸರ್ಚು ಬೇಡ. ಪಟ್ಸೇವ್ ಹತ್ತಿರ, ದೀಪಕ್ ತಾಲ್ ಬದಿಯಲ್ಲಿ ಒಂದು ರಾತ್ರಿ. ಅದು ಸುಮಾರು 3,800 ಮೀಟರ್, 500ರ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ; ಜಿಸ್ಪಾದಲ್ಲಿ ಎರಡು ರಾತ್ರಿ ಅಂದಿದ್ದು ಅದಕ್ಕೇ. ಜಿಸ್ಪಾದಿಂದ ದಾರಿ ಚಿಕ್ಕದು, ಹುಡುಗರಿಗೆ ಬೇಜಾರಾಗಬಹುದು, ಆದರೂ ನಿಲ್ಲಲೇಬೇಕು. ಆಮೇಲೆ ಸೂರಜ್ ತಾಲ್ ನೋಡಿಕೊಂಡು ಬಾರಾಲಾಚಾ ದಾಟಿ ಸರ್ಚು. ಅಲ್ಲಿ ತಲೆನೋವು ಇರುವವರು ಮರುದಿನ ಮೇಲೆ ಹೋಗುವ ಹಾಗಿಲ್ಲ, ಅದು ಯಾರೇ ಆಗಲಿ.

ಕರಾವಳಿ_ಪೆಡಲ್
ಸರ್ಚುನಿಂದ ಪಾಂಗ್ ಒಂದೇ ದಿನ ಮಾಡಬೇಡಿ. ಎರಡು ಪಾಸ್, ಎಂಬತ್ತು ಕಿ.ಮೀ. ಹತ್ತಿರ. ಗಾಟಾ ಲೂಪ್ಸ್ ಬುಡದಲ್ಲಿ ಟೆಂಟ್ ಹಾಕಿ.

ಚಾಮುಂಡಿ_ತಪ್ಪಲು
ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಎಲ್ಲರೂ ಮೇಷ್ಟ್ರ ಮನೆಯಲ್ಲಿ ಸೇರಿ ಇದನ್ನೆಲ್ಲ ಜೋರಾಗಿ ಓದಿದೆವು. ತ್ಸೋ ಕರ್‌ವರೆಗೆ ಒಂದೇ ಗುಂಪು, ಆಮೇಲೆ ಎರಡು ದಾರಿ, ಉಪ್ಶಿಯಲ್ಲಿ ಭೇಟಿ. ಗಾಡಿ ಕೊನೆಯವರ ಹಿಂದೆ. ಹುಡುಗರು ರಜೆ ಹೆಚ್ಚಿಸಿಕೊಳ್ಳಲು ಆಫೀಸಿನಲ್ಲಿ ಕೇಳುತ್ತಾರಂತೆ. ಸಿಗದಿದ್ದರೆ ಇಡೀ ಪ್ರವಾಸವನ್ನೇ ಮುಂದಿನ ವರ್ಷಕ್ಕೆ ಹಾಕೋಣ, ದಿನ ಮಾತ್ರ ಕಡಿಮೆ ಮಾಡುವುದು ಬೇಡ ಅಂತ ಅವರೇ ಹೇಳಿದರು. ಜುಲೈನಲ್ಲಿ ಸಖರಾಯಪಟ್ಟಣಕ್ಕೆ ಬರುತ್ತೇವೆ ಮಲೆನಾಡ_ದಾರಿ ಸರ್, ನೀವೂ ಜೊತೆಗೆ ತುಳಿಯಬೇಕು.

ಇನ್ನೊಂದು ಪ್ರಶ್ನೆ ಉಳಿದಿದೆ. ಸೈಕಲ್‌ಗಳನ್ನು ರೈಲಿನಲ್ಲಿ ದೆಹಲಿಗೆ ಕಳಿಸುವುದಾ, ವಿಮಾನದಲ್ಲಾ?

ಮಲೆನಾಡ_ದಾರಿ
ಖಂಡಿತ ಬರುತ್ತೇನೆ. ಅಯ್ಯನಕೆರೆ ಏರಿ ಮೇಲೆ ತಿಂಡಿ ನನ್ನದು.

ಚೈನ್_ಎಣ್ಣೆ
ಅಷ್ಟು ಸೈಕಲ್ ಇದ್ದರೆ ರೈಲು ಪಾರ್ಸೆಲ್. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಕಟ್ಟಿ, ಡಿರೇಲರ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಫ್ರೇಮ್ ಒಳಗೆ ಕಟ್ಟಿ. ರಟ್ಟಿನ ಪೆಟ್ಟಿಗೆ ಸೈಕಲ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ನಿಮಗಿಂತ ಕೆಲವು ದಿನ ಮೊದಲೇ ಕಳಿಸಿ, ಪಾರ್ಸೆಲ್ ನಿಮ್ಮ ರೈಲಿನಲ್ಲೇ ಹೋಗುತ್ತದೆ ಅಂತ ನಂಬಬೇಡಿ. ವಿಮಾನವಾದರೆ ಟೈರಿನ ಗಾಳಿ ಇಳಿಸಿ, ಲೈಟಿನ ಬ್ಯಾಟರಿ ಕೈಚೀಲದಲ್ಲಿ ಇಡಿ. ಮನಾಲಿಯಲ್ಲಿ ಜೋಡಿಸಿದ ಮೇಲೆ ಒಂದು ದಿನ ಹತ್ತಿರದ ಸೋಲಾಂಗ್ ತನಕ ಓಡಿಸಿ ನೋಡಿ. ಬೋಲ್ಟ್ ಸಡಿಲ ಇದ್ದರೆ ಅಲ್ಲೇ ಗೊತ್ತಾಗುತ್ತೆ.